ನಾಯಿಯೋ ಬೆಕ್ಕೋ: ಆಲ್ದೂರಿನ ಮಳೆಯಲ್ಲಿ ಹಾರರ್ ರಾತ್ರಿಗಳು

ಜೂನ್ ಕೊನೆಗೆ ಆಲ್ದೂರಿನ ಕಡೆ ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಪೇಟೆಗೆ ಹೋಗಲು ಮನಸ್ಸಿಲ್ಲ. ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಬಂದಿದ್ದ. “ಅಣ್ಣ, ಸಾಕಿದ ಪ್ರಾಣಿನೇ ತಿರುಗಿ ಬೀಳೋ ಸಿನಿಮಾ ನೋಡೋಣ” ಅಂದ. ಹಾಗೆ ಒಂದು ರಾತ್ರಿ ನಾಯಿ, ಮರುದಿನ ಬೆಕ್ಕು. 1983ರ ‘ಕ್ಯೂಜೊ’, 1989ರ ‘ಪೆಟ್ ಸೆಮೆಟರಿ’. ಎರಡೂ ಸ್ಟೀಫನ್ ಕಿಂಗ್ ಕಾದಂಬರಿಗಳಿಂದ ಬಂದವು. ಕಥೆಯನ್ನು ಸ್ವಲ್ಪ ಬಿಟ್ಟುಕೊಡುತ್ತೇನೆ, ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.

‘ಕ್ಯೂಜೊ’ದಲ್ಲಿ ದೆವ್ವ ಇಲ್ಲ. ಕರುವಿನಷ್ಟು ದೊಡ್ಡ ಸೇಂಟ್ ಬರ್ನಾರ್ಡ್ ನಾಯಿ ಮೊಲ ಅಟ್ಟಿಸಿಕೊಂಡು ಹೋಗಿ ಬಿಲದಲ್ಲಿ ಮೂತಿ ತೂರಿಸುತ್ತದೆ. ಒಳಗಿನ ಬಾವಲಿ ಮೂಗಿಗೆ ಕಚ್ಚುತ್ತದೆ. ಆಮೇಲಿನದೆಲ್ಲ ರೇಬೀಸ್. ಆದರೆ ಮೊದಲರ್ಧದಲ್ಲಿ ಗಂಡ ಹೆಂಡತಿ ಜಗಳವೇ ಜಾಸ್ತಿ. “ಇದು ಧಾರಾವಾಹಿ ಅಲ್ವೇನೋ?” ಅಂತ ಅಮ್ಮ ಎದ್ದು ಒಳಗೆ ಹೋದರು.

ಅಮ್ಮ ತಪ್ಪಿಸಿಕೊಂಡ ದೃಶ್ಯ ಒಂದಿದೆ. ಬೆಳಗಿನ ಮಂಜು. ನಾಯಿ ಸಾಕಿದ ಮನೆಯ ಹುಡುಗ ಅದನ್ನು ಹುಡುಕಿಕೊಂಡು ಬರುತ್ತಾನೆ. ಮಂಜಿನೊಳಗಿಂದ ಅದು ಎದುರಾಗುತ್ತದೆ. ಮೂತಿ ಎಲ್ಲ ಕೊಳೆ, ಗಂಟಲಲ್ಲಿ ಗುರ್ ಅನ್ನುವ ಸದ್ದು. ಕಚ್ಚುವುದಿಲ್ಲ. ತಿರುಗಿ ಮತ್ತೆ ಮಂಜಿಗೇ ಹೋಗುತ್ತದೆ. ಗೊತ್ತಿದ್ದ ಹುಡುಗನ ಮೇಲಿನ ಕೊನೆಯ ಪ್ರೀತಿ ಅದು. ನನ್ನ ಕಾಲಿನ ಹತ್ತಿರ ನಮ್ಮ ಕರಿಯ ಮಲಗಿತ್ತು. ಅದರ ಕಿವಿ ಮುಟ್ಟಿ ನೋಡಿದೆ, ಸುಮ್ನೆ.

ಆಮೇಲೆ ಆ ಜಗಳದ ಮನೆಯ ತಾಯಿ ಮಗು, ನಾಯಿಯ ಮನೆ ಮುಂದೆಯೇ ಕೆಟ್ಟು ನಿಂತ ಕಾರಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೊರಗೆ ನಾಯಿ, ಒಳಗೆ ಸೆಕೆ, ನೀರಿಲ್ಲ. ಮನೆಯೊಳಗೆ ಫೋನ್ ಹೊಡೆದುಕೊಂಡರೂ ನಾಯಿ ರೇಗಿ ಕಾರಿಗೆ ಗುದ್ದುತ್ತದೆ. ಸದ್ದು ಸಹಿಸಲಾಗದಿರುವುದು ಆ ರೋಗದಲ್ಲಿ ನಿಜಕ್ಕೂ ಇದೆ. ನಮ್ಮ ಟಾರ್ಪಾಲ್ ಜೀಪಾಗಿದ್ದರೆ ಸಿನಿಮಾ ಹತ್ತೇ ನಿಮಿಷದಲ್ಲಿ ಮುಗಿಯುತ್ತಿತ್ತು. ನಟಿಸಿದ ನಾಯಿಗಳಿಗೆ ಇದೆಲ್ಲ ಆಟವಾಗಿತ್ತಂತೆ. ಬಾಲ ಅಲ್ಲಾಡಿಸುತ್ತಿದ್ದವು ಅಂತ ಬಾಲ ಕಟ್ಟಿ ಶೂಟಿಂಗ್ ಮಾಡಿದರಂತೆ.

ಒಂದು ಮಾತ್ರ ಸಿನಿಮಾದಲ್ಲಿ ಇಲ್ಲ. ನಾನು ಚಿಕ್ಕವನಿದ್ದಾಗ ತೋಟದ ಆಳುಗಳ ಲೈನ್ ಮನೆಯ ನಾಯಿಯೊಂದಕ್ಕೆ ಹುಚ್ಚು ಹಿಡಿದಿತ್ತು. ಅದು ಯಾರ ಮೇಲೂ ಎಗರಲಿಲ್ಲ. ಕಣದ ಮೂಲೆಯಲ್ಲಿ ಕೂತಿತ್ತು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ಮೂಳೆ ಸಿಕ್ಕಿರಬೇಕು ಅಂತ ಆಳೊಬ್ಬರು ಬಾಯಿಗೆ ಕೈ ಹಾಕಿದರು. ಕೈಯಲ್ಲಿ ಗೀರು ಬೇರೆ ಇತ್ತು. ಹುಚ್ಚಿನಲ್ಲಿ ಈ ಮೌನದ ಬಗೆಯೂ ಒಂದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಅಪ್ಪ ಅವರ ಕೈಯನ್ನು ನಲ್ಲಿ ಕೆಳಗೆ ಹಿಡಿದು, ಸೋಪು ಹಾಕಿ ಕಾಲು ಗಂಟೆ ತೊಳೆಸಿ, ಜೀಪಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೂಜಿ ಎಲ್ಲ ಹಾಕಿಸಿದರು, ಅವರಿಗೆ ಏನೂ ಆಗಲಿಲ್ಲ. ನಾಯಿ ಉಳಿಯಲಿಲ್ಲ. ‘ಕ್ಯೂಜೊ’ ನೋಡುವಾಗ ನನಗೆ ಹೆದರಿಕೆ ಬಂದದ್ದು ಆ ಜೋತ ದವಡೆ ನೆನಪಾಗಿ.

ಇನ್ನು ಬೆಕ್ಕು. ಮೇರಿ ಲ್ಯಾಂಬರ್ಟ್ ನಿರ್ದೇಶನ, ಚಿತ್ರಕಥೆ ಕಿಂಗ್ ಅವರದ್ದೇ. ಮನೆ ಮುಂದೆ ಲಾರಿಗಳು ನುಗ್ಗುವ ರಸ್ತೆ. ಮಗಳ ಮುದ್ದಿನ ಬೆಕ್ಕು, ಹೆಸರು ಚರ್ಚ್, ಆ ರಸ್ತೆಯಲ್ಲೇ ಸಾಯುತ್ತದೆ. ಮಗಳಿಗೆ ಹೇಳುವ ಧೈರ್ಯ ಅಪ್ಪನಿಗಿಲ್ಲ. ಪಕ್ಕದ ಮನೆಯ ಮುದುಕ ತೋರಿಸಿದ ಜಾಗದಲ್ಲಿ ಹೂಳುತ್ತಾನೆ, ಬೆಕ್ಕು ವಾಪಸ್ ಬರುತ್ತದೆ. ಕೆಟ್ಟ ವಾಸನೆ, ಹೊಳೆಯುವ ಕಣ್ಣು, ಹತ್ತಿರ ಹೋದರೆ ಪರಚು. ಕಿಂಗ್ ಅವರ ಮಗಳ ಬೆಕ್ಕೂ ಹೀಗೆ ರಸ್ತೆಯಲ್ಲೇ ಸತ್ತಿತ್ತು, ಕಥೆ ಹುಟ್ಟಿದ್ದು ಅಲ್ಲಿಂದ. ಬೆಕ್ಕಿನ ಭಾಗದವರೆಗೆ ಸಿನಿಮಾ ಗಟ್ಟಿ. ಆಮೇಲೆ ಮನುಷ್ಯರನ್ನೂ ಹೂಳಲು ಶುರುಮಾಡುತ್ತಾರೆ, ರಕ್ತ ಜಾಸ್ತಿ, ನನಗೆ ಹೆದರಿಕೆ ಕಮ್ಮಿ. ತಮ್ಮನಿಗೆ ಮಾತ್ರ ಇದೇ ಇಷ್ಟ. “ಆ ನಾಯಿಗೆ ಒಂದು ಇಂಜೆಕ್ಷನ್ ಹಾಕ್ಸಿದ್ರೆ ಕಥೆನೇ ಇಲ್ಲ ಅಣ್ಣ, ಇದಕ್ಕೆ ಯಾವ ಔಷಧಿ ಇದೆ?” ಅಂದ. ಮಾತು ಸರಿಯೇ.

2019ರಲ್ಲಿ ಮತ್ತೆ ತೆಗೆದ ‘ಪೆಟ್ ಸೆಮೆಟರಿ’ಯನ್ನು ಮೂರನೇ ರಾತ್ರಿ ಹಾಕಿದೆವು. ಬೆಕ್ಕು ಇನ್ನೂ ಚೆಂದ, ಅಷ್ಟೇ. ಅರ್ಧದಲ್ಲಿ ಕರೆಂಟ್ ಹೋಯಿತು, ಇನ್ವರ್ಟರ್‌ಗೆ ಹಾಕೋಣ ಅಂತ ಯಾರೂ ಅನ್ನಲಿಲ್ಲ.

ಒಂದೇ ನೋಡುವುದಾದರೆ ನನ್ನ ಓಟು ನಾಯಿಗೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎರಡೂ ಬೇಡ. ಬೆಳಿಗ್ಗೆ ಎದ್ದವನೇ ಕರಿಯನ ಲಸಿಕೆ ಚೀಟಿ ಹುಡುಕಿದೆ. ದಿನ ಮುಗಿದು ಎರಡು ತಿಂಗಳಾಗಿತ್ತು. ಮಳೆಯಲ್ಲೇ ಜೀಪಿಗೆ ಹತ್ತಿಸಿದೆ. ಪುಣ್ಯಾತ್ಮ ದಾರಿಯಲ್ಲಿ ಸೀಟಿನ ಮೇಲೆಲ್ಲ ವಾಂತಿ ಮಾಡಿತು.