ಕಟ್ಟದ ಮನೆಯೊಳಗೆ ನಡೆದಾಡಲು ವಿಆರ್ ಹೆಡ್‌ಸೆಟ್ಟೋ, ಬ್ರೌಸರೋ?

ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಮನೆಗಳ ನಕ್ಷೆ ಮಾಡಿಕೊಡುವುದು ನನ್ನ ವೃತ್ತಿ. ಕಾಗದದ ಮೇಲಿನ ನಕ್ಷೆಯನ್ನು ನೋಡಿ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಬಲ್ಲ ಗ್ರಾಹಕರು ಕಡಿಮೆ. ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ತೋರಿಸಿದಾಗ ತಲೆಯಾಡಿಸಿದವರೂ ಗೋಡೆ ಎದ್ದ ಮೇಲೆ ‘ಕೋಣೆ ಇಷ್ಟು ಚಿಕ್ಕದಾ?’ ಎಂದು ಕೇಳುವುದುಂಟು. ಈ ತೊಡಕಿನ ಪರಿಹಾರಕ್ಕೆಂದು ಎರಡು ಮಾರ್ಗಗಳನ್ನು ಕೆಲವು ಮಳೆಗಾಲಗಳಿಂದ ಜೊತೆಜೊತೆಯಾಗಿ ಬಳಸುತ್ತ ಬಂದಿದ್ದೇನೆ. ಒಂದು, ತಲೆಗೆ ಹಾಕಿಕೊಂಡರೆ ತ್ರೀಡಿ ಮಾದರಿಯೊಳಗೇ ನಿಂತಂತೆ ತೋರಿಸುವ (ಇದೇ ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ), ಕಂಪ್ಯೂಟರಿನ ಹಂಗಿಲ್ಲದೆ ತಾನೇ ನಡೆಯುವ ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್. ಇನ್ನೊಂದು, ಯಾವ ಆ್ಯಪನ್ನೂ ಹಾಕಿಕೊಳ್ಳದೆ ಮೊಬೈಲಿನ ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆದುಕೊಳ್ಳುವ ತ್ರೀಡಿ ಪುಟ.

ಅಳತೆಯ ಅನುಭವದ ವಿಷಯದಲ್ಲಿ ಹೆಡ್‌ಸೆಟ್ಟಿಗೆ ಸಾಟಿಯಿಲ್ಲ. ಜಗಲಿಯ ಅಗಲ, ಮೆಟ್ಟಿಲಿನ ಎತ್ತರ, ಮಳೆಯ ಎರಚಲು ಒಳಬಾರದಂತೆ ಮಾಡನ್ನು ಎಷ್ಟು ಕೆಳಗಿಳಿಸಬೇಕು ಎಂಬ ಪ್ರಶ್ನೆ, ಇವೆಲ್ಲ ದೇಹದಿಂದಲೇ ಅಳೆಯಬೇಕಾದ ಸಂಗತಿಗಳು. ತಲೆಯ ತಿರುವನ್ನಷ್ಟೇ ಅಲ್ಲದೆ ನಾವಿಡುವ ಹೆಜ್ಜೆಯನ್ನೂ ಬಗ್ಗುವುದನ್ನೂ ಈ ಸಾಧನ ತನ್ನ ಕ್ಯಾಮೆರಾಗಳಿಂದ ಗುರುತಿಸುವುದರಿಂದ, ಹತ್ತಡಿಯ ಕೋಣೆ ಹತ್ತಡಿಯದಾಗಿಯೇ ಕಾಣುತ್ತದೆ. ಅಡಿಕೆ ಬೆಳೆಗಾರರಾದ ಹಿರಿಯರೊಬ್ಬರು ಹಾಕಿಕೊಂಡ ಕೂಡಲೇ ತಲೆ ತಗ್ಗಿಸಿ, ‘ಅಲ್ಲ ಮಾರಾಯಾ, ಮಾಡು ಇಷ್ಟು ಕೆಳಗೆ ಬಂದ್ರೆ ಅಡಿಕೆ ಮೂಟೆ ಹೊತ್ತವ ಒಳಗೆ ಬರೋದು ಹೆಂಗೆ?’ ಎಂದರು. ಅದೇ ಮನೆಯ ಚಿತ್ರವನ್ನು ಅವರು ಪರದೆಯ ಮೇಲೆ ನೋಡಿ ಆಗಲೇ ಒಪ್ಪಿದ್ದರು. ಸೂರನ್ನು ಒಂದಡಿ ಎತ್ತರಿಸಿದೆವು. ಖರ್ಚಾದದ್ದು ಮೌಸಿನ ಒಂದೆರಡು ಕ್ಲಿಕ್ ಮಾತ್ರ.

ಹೀಗೆ ನಿಜವಾಗಿ ನಡೆದಾಡಲು ಜಾಗ ಬೇಕು, ಮತ್ತು ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದೆ, ಮೇಲೆ ಚಪ್ಪರವಿದ್ದರೆ ನೆರಳೂ ಸಿಗುತ್ತದೆ. ಆದರೆ ಚಪ್ಪರವಿಲ್ಲದ ಬಿಸಿಲಿನಂಗಳಕ್ಕೆ ಹೆಡ್‌ಸೆಟ್ಟನ್ನು ಒಯ್ಯಲೇಬಾರದು, ಏಕೆಂದರೆ ಮಸೂರದ ಮೂಲಕ ಹಾಯ್ದ ನೇರ ಬಿಸಿಲು ಒಳಗಿನ ಪರದೆಯ ಮೇಲೆ ಕೇಂದ್ರೀಕೃತವಾಗಿ ಅದನ್ನು ಶಾಶ್ವತವಾಗಿ ಸುಡಬಲ್ಲದು. ಇದಕ್ಕೆ ವಿರುದ್ಧವಾದ ತೊಂದರೆ ಆಷಾಢದ್ದು. ಜಾಗವನ್ನು ಕ್ಯಾಮೆರಾಗಳಿಂದ ಗುರುತಿಸಲು ಸಾಕಷ್ಟು ಬೆಳಕು ಬೇಕು. ಮೋಡ ಕವಿದ ಮಧ್ಯಾಹ್ನ ಕರೆಂಟು ಹೋದರೆ ಹಳೆಯ ಮನೆಯ ನಡುಮನೆಯಲ್ಲಿ ಹೆಡ್‌ಸೆಟ್ಟಿಗೆ ತಾನೆಲ್ಲಿದ್ದೇನೆಂದೇ ತಿಳಿಯುವುದಿಲ್ಲ. ಇನ್ವರ್ಟರಿನ ಒಂದು ಟ್ಯೂಬ್‌ಲೈಟ್ ಇದ್ದರೆ ಸಾಕು. ಬ್ಯಾಟರಿ ಸರಾಸರಿ ಎರಡು ಗಂಟೆಗಿಂತ ತುಸು ಹೆಚ್ಚು ಎಂದು ಕಂಪನಿಯೇ ಹೇಳುತ್ತದೆ. ಪವರ್‌ಬ್ಯಾಂಕ್ ಜೇಬಿನಲ್ಲಿಟ್ಟುಕೊಂಡರೆ ಅದು ದೊಡ್ಡ ಕೊರತೆಯೆನಿಸದು. ತೇವದ ಕಾಟ ಮಾತ್ರ ನಿತ್ಯದ್ದು. ಕ್ಯಾಮೆರಾ ಲೆನ್ಸಿಗೆ ಬೂಸಲು ಹಿಡಿಯುವುದನ್ನು ನೋಡಿರುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿಯಾಡದ ಡಬ್ಬಿ ಮತ್ತು ಆಗಾಗ ಬಿಸಿ ಮಾಡಿ ಒಣಗಿಸಿದ ಸಿಲಿಕಾ ಜೆಲ್ ಇಲ್ಲದೆ ಇಲ್ಲಿ ಈ ಸಾಧನವನ್ನು ಕೊಳ್ಳುವುದು ವಿವೇಕವಲ್ಲ.

ತೂಕ 515 ಗ್ರಾಂ, ಬಹುಪಾಲು ಮುಖದ ಮುಂಭಾಗಕ್ಕೇ ಬೀಳುತ್ತದೆ. ಜೊತೆಗೆ ಬಂದ ಬಟ್ಟೆಯ ಪಟ್ಟಿಯ ಬದಲು ಹಿಂದಲೆಯನ್ನು ಹಿಡಿದುಕೊಳ್ಳುವ ಗಟ್ಟಿ ಪಟ್ಟಿ ಹಾಕಿಸಿಕೊಳ್ಳುವುದು ಒಳ್ಳೆಯದು. ಕನ್ನಡಕದವರಿಗಾಗಿ ಮಸೂರವನ್ನು ಕಣ್ಣಿನಿಂದ ದೂರ ಸರಿಸುವ ವ್ಯವಸ್ಥೆಯಿದೆ. ಎಣ್ಣೆ, ಕುಂಕುಮ, ವಿಭೂತಿಗಳು ಮುಖಕ್ಕೆ ಒತ್ತುವ ಸ್ಪಂಜಿಗೆ ಹತ್ತುವುದರಿಂದ ಒರೆಸಬಹುದಾದ ಸಿಲಿಕೋನ್ ಕವಚ ಬೇಕೇಬೇಕು. ಮುಡಿದ ಮಲ್ಲಿಗೆ ದಂಡೆಯನ್ನು ತೆಗೆದಿಡಲು ಹೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ; ಪಟ್ಟಿಯನ್ನೇ ಸಡಿಲಿಸುತ್ತೇನೆ.

ಆದರೆ ಮನೆ ಕಟ್ಟುವ ತೀರ್ಮಾನವನ್ನು ಒಬ್ಬರೇ ಕೈಗೊಳ್ಳುವುದಿಲ್ಲ. ತಂದೆ ಇಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ಹೆಡ್‌ಸೆಟ್ ಒಂದು ಹೊತ್ತಿಗೆ ಒಬ್ಬರ ತಲೆಯ ಮೇಲಿರುತ್ತದೆ. ಕೊಂಡಿಯೊಂದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಮೂವರೂ ಒಂದೇ ಸಂಜೆ ನೋಡಿ ಜಗಳವಾಡಬಹುದು. ಬ್ರೌಸರಿನ ಮೇಲುಗೈ ಇರುವುದು ಇಲ್ಲಿ. ಇಂಥ ನೋಟವನ್ನು ಬ್ರೌಸರಿನೊಳಗಿಂದಲೇ ತೆರೆಯಲು ನೆರವಾಗುವ ವೆಬ್‌ಎಕ್ಸ್‌ಆರ್ ಎಂಬ ತಂತ್ರವ್ಯವಸ್ಥೆ 2019ರ ಡಿಸೆಂಬರಿನಲ್ಲಿ ಕ್ರೋಮ್ ಬ್ರೌಸರಿಗೆ ಬಂದಿತು; ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜದ ಜಾಗದ ಮೇಲೆ ತ್ರೀಡಿ ಮಾದರಿಯನ್ನು ಕೂರಿಸಿ ತೋರಿಸುವ) ಸೌಲಭ್ಯವಿರುವ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಮನೆಯ ಮಾದರಿಯನ್ನು ಊಟದ ಮೇಜಿನ ಮೇಲೆ ಗೊಂಬೆಮನೆಯಂತೆ ಇಟ್ಟು ಸುತ್ತಲೂ ನೋಡಬಹುದು. ಐಫೋನಿನ ಸಫಾರಿ ಇದಕ್ಕೆ ಒಲಿದಿಲ್ಲ. ಅದಕ್ಕೆ ಬೇರೆ ಸ್ವರೂಪದ ಕಡತವನ್ನು ಜೊತೆಗಿಡಬೇಕು, ಇಲ್ಲವೇ ಬೆರಳಿನಿಂದ ತಿರುಗಿಸಿ ನೋಡುವಷ್ಟಕ್ಕೆ ತೃಪ್ತರಾಗಬೇಕು. ಹೇಗೆ ನೋಡಿದರೂ ಅಂಗೈಯಗಲದ ಪರದೆಯಲ್ಲಿ ಕೋಣೆಯ ನಿಜವಾದ ಇಕ್ಕಟ್ಟು ತಿಳಿಯುವುದಿಲ್ಲ. ಬಣ್ಣ, ಕಿಟಕಿಯ ಸ್ಥಾನ, ದೇವರಕೋಣೆಯ ದಿಕ್ಕು ಇಂಥವುಗಳ ಚರ್ಚೆಗೆ ಅದು ಧಾರಾಳ ಸಾಕು.

ಎರಡಕ್ಕೂ ಸಮಾನವಾದ ಶ್ರಮವೆಂದರೆ ಕಡತವನ್ನು ಹಗುರ ಮಾಡುವುದು. ಹೆಡ್‌ಸೆಟ್ ಸೆಕೆಂಡಿಗೆ 72 ಬಾರಿಯಾದರೂ ಎರಡೂ ಕಣ್ಣಿಗೆ ಬೇರೆಬೇರೆ ಚಿತ್ರ ಬರೆಯಬೇಕು, ಅಂದರೆ ಪ್ರತಿ ಚಿತ್ರಕ್ಕೆ ಸಿಗುವುದು 14 ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿ. ಅದು ತಪ್ಪಿದರೆ ನೋಡುವವರಿಗೆ ತಲೆಸುತ್ತು. ಮಾಡಿನ ಒಂದೊಂದು ಮಂಗಳೂರು ಹಂಚನ್ನೂ ಬಿಡಿಬಿಡಿಯಾಗಿ ಕೆತ್ತಿದರೆ ಕಂಪ್ಯೂಟರ್ ತ್ರೀಡಿ ಆಕಾರಗಳನ್ನು ಕಟ್ಟುವ ಪುಟ್ಟ ತ್ರಿಕೋನಗಳು ಲಕ್ಷಾಂತರವಾಗಿ ಎಲ್ಲವೂ ಕುಂಟುತ್ತದೆ. ಹಂಚಿನ ಚಿತ್ರವನ್ನು ಸಮತಟ್ಟಾದ ಮಾಡಿಗೆ ಹೊದಿಸಿ, ಸೂರಿನ ಅಂಚಿನ ಒಂದು ಸಾಲನ್ನು ಮಾತ್ರ ನಿಜವಾಗಿ ಕೆತ್ತಿದರೆ ಜಗಲಿಯಲ್ಲಿ ನಿಂತವರಿಗೆ ವ್ಯತ್ಯಾಸ ಕಾಣದು. ಘಟ್ಟದ ನೆಟ್‌ವರ್ಕಿನಲ್ಲಿ ಕೊಂಡಿ ತೆರೆಯುವವರಿಗೂ ಇದರಿಂದಲೇ ಅನುಕೂಲ. ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿದರೆ ಮಗ ಮತ್ತೊಮ್ಮೆ ಆ ಕೊಂಡಿಯನ್ನು ಒತ್ತುವುದಿಲ್ಲ.

ಇಷ್ಟು ಕಾಲದ ಬಳಕೆಯಿಂದ ಗಟ್ಟಿಯಾದ ನನ್ನ ಅಭಿಪ್ರಾಯವೆಂದರೆ, ಮಾದರಿಯನ್ನು ಬ್ರೌಸರಿಗಾಗಿಯೇ ಸಿದ್ಧಪಡಿಸಬೇಕು. ಕ್ವೆಸ್ಟಿನೊಳಗೂ ಒಂದು ಬ್ರೌಸರ್ ಇದ್ದು ಅದು ವೆಬ್‌ಎಕ್ಸ್‌ಆರ್ ಅನ್ನು ಬಲ್ಲುದಾದ್ದರಿಂದ, ಮಗನಿಗೆ ಕಳಿಸಿದ ಅದೇ ಕೊಂಡಿಯನ್ನು ಅಲ್ಲಿ ತೆರೆದು ವಿಆರ್ ಗುಂಡಿ ಒತ್ತಿದರೆ ತಂದೆ ಅದೇ ಮನೆಯೊಳಗೆ ನಿಲ್ಲುತ್ತಾರೆ. ಹೆಡ್‌ಸೆಟ್ಟಿಗೆಂದೇ ಪ್ರತ್ಯೇಕ ಆ್ಯಪ್ ಮಾಡಿಸುವ ಖರ್ಚು ಸಣ್ಣ ಕಚೇರಿಗಳಿಗೆ ಅನಗತ್ಯ. ಬ್ರೌಸರಿನದೆಲ್ಲ ಶಾಶ್ವತವೆಂಬ ಭ್ರಮೆಯೂ ಬೇಡ: ಮೊಜಿಲ್ಲಾ ಸಂಸ್ಥೆ 2018ರಲ್ಲಿ ತೆರೆದ, ಬ್ರೌಸರಿನಲ್ಲೇ ತ್ರೀಡಿ ಕೋಣೆಗಳಲ್ಲಿ ಜನ ಸೇರಬಹುದಾಗಿದ್ದ ಹಬ್ಸ್ ಎಂಬ ಸೇವೆಯನ್ನು 2024ರ ಮೇ ಕೊನೆಗೆ ಮುಚ್ಚಿತು. ಆದುದರಿಂದ ಮೂಲ ಕಡತಗಳನ್ನು ಜಿಎಲ್‌ಟಿಎಫ್‌ನಂತಹ ಮುಕ್ತ ತ್ರೀಡಿ ಸ್ವರೂಪದಲ್ಲಿ ನಮ್ಮ ಬಳಿಯೇ ಇಟ್ಟುಕೊಂಡು, ಅಂತರಜಾಲದಲ್ಲಿ ನಾನೇ ಬಾಡಿಗೆಗೆ ಪಡೆದ ಜಾಗದಲ್ಲಿ ಎಚ್‌ಟಿಟಿಪಿಎಸ್ ವಿಳಾಸದಿಂದ ಒದಗಿಸುತ್ತಿದ್ದೇನೆ. ಆ ಸುರಕ್ಷಿತ ವಿಳಾಸವಿಲ್ಲದಿದ್ದರೆ ವೆಬ್‌ಎಕ್ಸ್‌ಆರ್ ತೆರೆಯುವುದೇ ಇಲ್ಲ.

ವರ್ಷಕ್ಕೆ ಬೆರಳೆಣಿಕೆಯ ಮನೆಗಳನ್ನಷ್ಟೇ ಮಾಡುವವರು ಹೆಡ್‌ಸೆಟ್ಟಿಗೆ ಹಣ ಹಾಕದೆ ಬ್ರೌಸರಿನಿಂದಲೇ ಆರಂಭಿಸಬಹುದು. ಕೊಳ್ಳಲೇಬೇಕೆನ್ನುವವರಿಗೆ 2024ರ ಅಕ್ಟೋಬರಿನಲ್ಲಿ ಬಂದ ಕ್ವೆಸ್ಟ್ 3ಎಸ್ ಮಾದರಿ ಅಗ್ಗ, ಅದರ ಸಂಸ್ಕಾರಕ ಚಿಪ್ಪೂ ಕ್ವೆಸ್ಟ್ 3ರದೇ. ಆದರೆ ಹಳೆಯ ಬಗೆಯ, ಉಂಗುರದಂಥ ಗೆರೆಗಳಿರುವ ಫ್ರೆನೆಲ್ ಮಸೂರದಿಂದಾಗಿ ಅಂಚಿನ ಸ್ಪಷ್ಟತೆ ಕಡಿಮೆ. ಕಣ್ಣಿನ ನೇರಕ್ಕೆ ಹೆಡ್‌ಸೆಟ್ ಕೂರಿಸಿಕೊಳ್ಳುವ ಅಭ್ಯಾಸವಿಲ್ಲದ ವಯಸ್ಸಾದವರಿಗೆ ತೋರಿಸುವುದೇ ಮುಖ್ಯ ಉದ್ದೇಶವಾಗಿದ್ದರೆ, ಹೆಚ್ಚಿನ ಹಣ ಕೊಟ್ಟು ಕ್ವೆಸ್ಟ್ 3 ಅನ್ನೇ ಕೊಳ್ಳಿರಿ.