ಕರಾವಳಿ ಮನೆಗೆ ಇನ್‌ಸ್ಟಂಟ್ ಗೀಸರ್ ಸಾಕಾ?

ಸಾಕು. ಉಡುಪಿ, ಕುಂದಾಪುರ, ಮಂಗಳೂರು ಕಡೆ ನಾಲ್ಕು ಜನ ಇರುವ ಮನೆ, ಎಲ್ಲರೂ ಬಕೆಟ್‌ನಲ್ಲಿ ನೀರು ಹಿಡಿದು ಮಿಂದು ಬರುವವರು ಅಂತಾದರೆ ನೀರು ಹರಿಯುತ್ತಿರುವಾಗಲೇ ಕಾಯಿಸಿ ಕೊಡುವ 3 ಲೀಟರಿನ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ಧಾರಾಳ ಸಾಕು. ಅಂಗಡಿಯಲ್ಲಿ ಮಾತ್ರ 15 ಲೀಟರ್, 25 ಲೀಟರಿನ ಸ್ಟೋರೇಜ್ ಮುಂದಿಟ್ಟು "ಮನೆ ದೊಡ್ಡದಲ್ವಾ, ಇದನ್ನೇ ತಕೊಳ್ಳಿ" ಎನ್ನುತ್ತಾರೆ. ನಾವು ಚಿಕ್ಕದನ್ನೇ ಹಾಕಿಸಿದೆವು. ಕಡಲ ಗಾಳಿ ನೇರವಾಗಿ ಬಡಿಯುವ ಜಾಗ ನಮ್ಮದು, ಮಳೆಗಾಲವನ್ನೂ ಅದು ಚೆನ್ನಾಗಿಯೇ ದಾಟಿದೆ.

ಯಾಕೆ ಸಾಕು ಅಂದರೆ ನಮ್ಮ ನೀರು ಅಷ್ಟೇನೂ ತಣ್ಣಗಿರುವುದಿಲ್ಲ. ಜೋರು ಮಳೆಯ ಜುಲೈನಲ್ಲೂ ಟ್ಯಾಂಕಿನ ನೀರು ಸುಮಾರು 25–26 ಡಿಗ್ರಿ ಇರುತ್ತದೆ. ಸ್ನಾನಕ್ಕೆ ಬೇಕಾದದ್ದು 40ರ ಆಸುಪಾಸು. 3 ಕಿಲೋವ್ಯಾಟ್ ಅಂದರೆ ನಿಮಿಷಕ್ಕೆ 3 ಲೀಟರ್ ನೀರನ್ನು 14 ಡಿಗ್ರಿ ಏರಿಸುವಷ್ಟು ಶಕ್ತಿ. ಅಲ್ಲಿಗೆ ಲೆಕ್ಕ ಸರಿಹೋಯಿತು. 15 ಲೀಟರಿನ ಬಕೆಟ್ 5 ನಿಮಿಷಕ್ಕೆ ತುಂಬುತ್ತದೆ, ಕಾಲು ಯೂನಿಟ್ ಕರೆಂಟ್ ಸಾಕು. ನಾಲ್ಕು ಜನಕ್ಕೆ ದಿನಕ್ಕೆ ಒಂದು ಯೂನಿಟ್, ಅಷ್ಟೇ. ಇದೇ ಗೀಸರನ್ನು ಮಡಿಕೇರಿಯಲ್ಲಿ ಜನವರಿಯ ಬೆಳಿಗ್ಗೆ ಹಾಕಿದರೆ ಬಕೆಟ್ ತುಂಬುವ ಹೊತ್ತಿಗೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು.

ಬ್ರ್ಯಾಂಡ್ ಯಾವುದು ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ವಿ-ಗಾರ್ಡ್ ಇರಲಿ, ಬಜಾಜ್ ಇರಲಿ, ಕ್ರಾಂಪ್ಟನ್, ರಾಕೋಲ್ಡ್ ಯಾವುದೇ ಇರಲಿ, 3 ಕಿಲೋವ್ಯಾಟ್ ಅಂದರೆ 3 ಕಿಲೋವ್ಯಾಟೇ. "ಸೂಪರ್ ಫಾಸ್ಟ್", "ಟರ್ಬೋ" ಅಂತೆಲ್ಲ ಡಬ್ಬದ ಮೇಲೆ ಬರೆದ ಮಾತ್ರಕ್ಕೆ ನೀರು ಬೇಗ ಕಾಯುವುದಿಲ್ಲ. ಐಎಸ್‌ಐ ಗುರುತು ಇದೆಯಾ, ನಿಮ್ಮ ಊರಿಗೆ ಸರ್ವಿಸ್‌ನವರು ಬರುತ್ತಾರಾ, ಇವೆರಡನ್ನು ನೋಡಿ. ಇನ್ನೊಂದು ಮಾತು. ಶವರ್ ಅಡಿ ಅರ್ಧ ಗಂಟೆ ನಿಲ್ಲುವ ಮಕ್ಕಳಿದ್ದರೆ ಇದು ಬೇಡ. ಶವರ್‌ನಲ್ಲಿ ನಿಮಿಷಕ್ಕೆ ಆರೇಳು ಲೀಟರ್ ಹೋಗುತ್ತದೆ, ಅಷ್ಟು ನೀರಿಗೆ ಇದು ಆರೇಳು ಡಿಗ್ರಿ ಏರಿಸಿದರೆ ಹೆಚ್ಚು. ಉಗುರುಬೆಚ್ಚಗಿನ ನೀರಲ್ಲಿ ನಿಂತು ನಡುಗಬೇಕು.

ನಮ್ಮಲ್ಲಿ ಗೀಸರ್ ಹಾಳಾಗುವುದು ಕೆಲಸ ಜಾಸ್ತಿಯಾಗಿ ಅಲ್ಲ, ಪಸೆ ಮತ್ತು ಉಪ್ಪುಗಾಳಿಯಿಂದ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರಲ್ಲಿ ಬಚ್ಚಲಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಒಮ್ಮೆ ಮಳೆಗಾಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಮುಚ್ಚಳ ಬಿಚ್ಚಿದಾಗ ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಹೊರಗಿನ ಪ್ಲಾಸ್ಟಿಕ್ ಹೊಸದರ ಹಾಗೆ ಹೊಳೆಯುತ್ತಿತ್ತು. ಒಳಗೆ ಸ್ಕ್ರೂಗಳ ತಲೆ ತುಕ್ಕು ಹಿಡಿದು ಸ್ಕ್ರೂಡ್ರೈವರ್ ಕೂರುತ್ತಲೇ ಇರಲಿಲ್ಲ, ಪ್ಲಗ್ಗಿನ ಹಿತ್ತಾಳೆ ಪಿನ್ನಿನ ಬುಡಕ್ಕೆ ಹಸಿರು ಕಿಲುಬು ಕಟ್ಟಿತ್ತು, ನೀರು ಒಳಬರುವ ಕಡೆಯ ಪುಟ್ಟ ಜಾಲರಿಯಲ್ಲಿ ಕೆಂಪು ಮಣ್ಣು ಕೆಸರಾಗಿ ಕೂತಿತ್ತು. ಕೆಲವು ದಿನಗಳಿಂದ ನೀರು ಸಣ್ಣಗೆ ಬರುತ್ತಿದ್ದುದಕ್ಕೆ ಆ ಮಣ್ಣೇ ಕಾರಣ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ಹಾಕಿದ ಕೂಡಲೇ ಸರಿಯಾಯಿತು. ಬಾವಿ ನೀರು ರಾಡಿಯಾಗುವ ಮೊದಲ ಮಳೆಗಳ ನಂತರ ಈ ಜಾಲರಿಯನ್ನು ಒಮ್ಮೆ ತೆಗೆದು ತೊಳೆಯಿರಿ. ಹಾಗಾಗಿ ಕೊಳ್ಳುವಾಗ ಪ್ಲಾಸ್ಟಿಕ್ ಮೈಯದ್ದನ್ನೇ ಆರಿಸಿ, ಪೇಂಟ್ ಹೊಡೆದ ತಗಡಿನ ಮೈ ಚಂದ ಕಂಡರೂ ಬೇಡ. ಗೋಡೆಗೆ ಹೊಡೆಯುವ ಸ್ಕ್ರೂ, ಬೋಲ್ಟ್ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದ್ದೇ ತಂದುಕೊಡಿ, ಡಬ್ಬದಲ್ಲಿ ಬರುವುದು ನಮ್ಮ ಗಾಳಿಗೆ ತಡೆಯುವುದಿಲ್ಲ.

ಬಾವಿ ನೀರಿನದ್ದು ಬೇರೆ ಕಥೆ. ಮುರಕಲ್ಲಿನ ನೆಲದ ನೀರು ಮೆದು, ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಎಲಿಮೆಂಟಿಗೆ ಸುಣ್ಣ ಕಟ್ಟುವುದು ಕಮ್ಮಿ. ಆದರೆ ಅದರಲ್ಲಿ ಸ್ವಲ್ಪ ಹುಳಿ ಗುಣ ಇದೆ, ತಾಮ್ರವನ್ನು ಮೆಲ್ಲಗೆ ತಿನ್ನುತ್ತದೆ. ಬಿಳಿ ಟೈಲ್ಸ್ ಮೇಲೆ ನೀಲಿ-ಹಸಿರು ಕಲೆ ಕಂಡರೆ ಅದೇ ಕಾರಣ ಇರಬಹುದು. ಅಳಿವೆ ಹತ್ತಿರದ ಮನೆಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ಬಾವಿ ನೀರು ಉಪ್ಪಾಗುತ್ತದಲ್ಲ, ಅದು ಇನ್ನೂ ಕಷ್ಟ. ನಮ್ಮ ಸಂಬಂಧಿಕರೊಬ್ಬರ ಮನೆಯ ಗೀಸರ್ ಹಾಗೇ ತೂತಾಯಿತು. ಕಂಪನಿಗೆ ಫೋನ್ ಮಾಡಿದರೆ "ನೀರಲ್ಲಿ ಉಪ್ಪು ಇದೆ ಸಾರ್, ವಾರಂಟಿ ಬರುವುದಿಲ್ಲ" ಎಂದರು. ಟ್ಯಾಂಕಿಗೆ ಇಷ್ಟು ವರ್ಷ ಅಂತ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಯಾವ ನೀರಿಗೆ ಅನ್ನುವುದು ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ. ಉಪ್ಪು ಬರುವ ಜಾಗವಾದರೆ ಆ ಚೀಟಿಯನ್ನು ಅಂಗಡಿಯಲ್ಲೇ ಬಿಡಿಸಿ ಓದಿ.

ಗೀಸರಿನಲ್ಲಿ ಉಳಿಸಿದ ದುಡ್ಡನ್ನು ವೈರಿಂಗಿಗೆ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್ ಎಳೆಯುತ್ತದೆ. ಹಳೆ ಮನೆಗಳಲ್ಲಿ ಬಲ್ಬಿಗೆ ಎಳೆದ ಸಪೂರ ವೈರಿಗೇ ಇದನ್ನು ಸೇರಿಸಿ ಹೋಗುವವರಿದ್ದಾರೆ, ಆಮೇಲೆ ಸಾಕೆಟ್ ಸುಟ್ಟ ವಾಸನೆ ಬರುತ್ತದೆ. ಮೇನ್ ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿ. ಮಳೆಗಾಲದಲ್ಲಿ ಆರ್‌ಸಿಸಿಬಿ ಸುಮ್ನೆ ಸುಮ್ನೆ ಬೀಳುತ್ತದೆ ಅಂತ ಅದನ್ನೇ ತೆಗೆಸಿಬಿಟ್ಟವರನ್ನು ಕಂಡಿದ್ದೇನೆ. ಅದು ಸುಮ್ನೆ ಬೀಳುವುದಲ್ಲ ಮಾರಾಯ್ರೆ, ಎಲ್ಲೋ ಪಸೆ ಹಿಡಿದು ಕರೆಂಟ್ ಸೋರುತ್ತಿದೆ ಅಂತ ಹೇಳುತ್ತಿದೆ! ಅರ್ತಿಂಗ್ ಕೂಡ ನೋಡಿಸಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ, ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಮತ್ತೆ ಬಕೆಟ್ ತುಂಬಿಸಿ, ಸ್ವಿಚ್ ಆಫ್ ಮಾಡಿ, ಆಮೇಲೆ ಮೀಯಿರಿ. ಗುಡುಗು-ಸಿಡಿಲಿನ ಹೊತ್ತಲ್ಲಿ ಪ್ಲಗ್ಗನ್ನೇ ಕಿತ್ತಿಡಿ.

ಗೃಹಜ್ಯೋತಿಯವರು ಒಂದು ವಿಷಯ ಗಮನಿಸಿ. ಫ್ರೀ ಸಿಗುವುದು ನಿಮ್ಮ ಹಳೆ ಸರಾಸರಿಯ ಮೇಲೆ ಇನ್ನೊಂಚೂರು ಸೇರಿಸಿದಷ್ಟು ಮಾತ್ರ. ಹೊಸ ಗೀಸರಿನಿಂದ ತಿಂಗಳಿಗೆ 30 ಯೂನಿಟ್ ಜಾಸ್ತಿಯಾದರೆ ಅದನ್ನೂ ಮೀರಿ ಬಿಲ್ ಬರಬಹುದು, 200 ದಾಟಿದರೆ ಪೂರ್ತಿ ಕಟ್ಟಬೇಕು.

ಗ್ಯಾಸ್ ಗೀಸರ್ ಬಗ್ಗೆಯೂ ಹೇಳಬೇಕು, ಯಾಕಂದರೆ ಗಾಳಿ-ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಈ ಕರೆಂಟ್ ಗೀಸರ್ ಗೋಡೆಯ ಮೇಲಿನ ಡಬ್ಬ ಅಷ್ಟೇ. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಹೊರುವುದಿಲ್ಲ. ಗ್ಯಾಸಿನದ್ದಕ್ಕೆ ಎರಡು ದೊಡ್ಡ ಸೆಲ್ ಸಾಕು, ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುತ್ತದೆ, ಶವರ್‌ಗೂ ಆಗುತ್ತದೆ. ಕೆಲಸದಲ್ಲಿ ಇದೇ ಮೇಲು ಅಂತ ಒಪ್ಪುತ್ತೇನೆ. ಆದರೆ ಬಚ್ಚಲ ಒಳಗೆ ಬೇಡ, ಯಾರು ಏನೇ ಹೇಳಲಿ. ಗಾಳಿ ಆಡದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ತಿರುಗಿ ಬೀಳುವವರೆಗೂ ಗೊತ್ತಾಗುವುದಿಲ್ಲ. ನಾವೋ ಎರಚಲು ಬರುತ್ತದೆ ಅಂತ ಮಳೆಗಾಲ ಪೂರ್ತಿ ಕಿಟಕಿ ಮುಚ್ಚಿಯೇ ಇಡುವವರು. ಹೊರಗೆ ಮಾಡಿನ ಅಡಿ, ಎರಚಲು ತಾಗದ, ಗಾಳಿ ನೇರ ಹೊಡೆಯದ ಗೋಡೆ ಇದ್ದರೆ ಹಾಕಿಸಿ, ಪೈಪ್ ಮಾತ್ರ ಒಳಗೆ ತನ್ನಿ. ಗಾಳಿ ನೇರ ಹೊಡೆದರೆ ಉರಿ ಆರುತ್ತದೆ. ಟ್ಯಾಂಕ್ ಎತ್ತರ ಕಮ್ಮಿ ಇದ್ದರೆ ನೀರಿನ ಒತ್ತಡ ಸಾಲದೆ ಹೊತ್ತುವುದೇ ಇಲ್ಲ. ಸೆಲ್ ಇರುವ ಗೂಡಿನ ಸ್ಪ್ರಿಂಗಿಗೂ ಕಿಲುಬು ಬರುತ್ತದೆ, ಅದನ್ನು ಒರೆಸುತ್ತಿರಿ.

ನಮ್ಮ ಮನೆಯಲ್ಲಿ ಹಾಗೆ ಹೊರಗೋಡೆ ಇಲ್ಲ. ಆದ್ದರಿಂದ ಕರೆಂಟ್ ಇಲ್ಲದ ದಿನಕ್ಕೆ ಹಿತ್ತಲ ಹಂಡೆಯೇ ಗತಿ. ತೆಂಗಿನ ಸಿಪ್ಪೆ, ಕೊತ್ತಳಿಗೆ ಒಣಗಿಸಿ ಮಾಡಿನ ಅಡಿ ಇಟ್ಟಿರುತ್ತೇವೆ. ಅಮ್ಮನಿಗಂತೂ ಗೀಸರ್ ನೀರು ನೀರೇ ಅಲ್ಲ, ದೀಪಾವಳಿಗೆ ನೀರು ತುಂಬುವುದೂ ಹಂಡೆಗೇ.

ಬೆಲೆ ಮಾಡೆಲ್ ನೋಡಿಕೊಂಡು 3ರಿಂದ 4 ಸಾವಿರದ ಹತ್ತಿರ. "ಇನ್‌ಸ್ಟಲೇಶನ್ ಫ್ರೀ" ಎಂದರೂ ಕನೆಕ್ಷನ್ ಪೈಪು, ವಾಲ್ವಿಗೆ ಬೇರೆ ದುಡ್ಡು ಕೇಳಬಹುದು, ಮೊದಲೇ ಮಾತಾಡಿಕೊಳ್ಳಿ. ಮಳೆ ಶುರುವಾದ ಮೇಲೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದು ಕಷ್ಟ, ಮೇ ತಿಂಗಳಲ್ಲೇ ಹಾಕಿಸಿಬಿಡಿ.