ಕಿಟ್ಟೆಲ್ ನಿಘಂಟು: ‘ಸಂಸ್ಕಾರ’ ಓದುವವರಿಗೆ ಎಷ್ಟು ಉಪಯೋಗ?

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಎ. ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದಾಗ, ಕಥೆ ಶುರುವಾಗುವ ಮೊದಲೇ ಒಂದು ನಿಘಂಟಿನ ನಮೂದನ್ನು ಅಚ್ಚು ಹಾಕಿಸಿದರು. ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ಸಿದ್ಧಪಡಿಸಿ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟಿನಿಂದ ತೆಗೆದದ್ದು ಅದು. ಈ ನಿಘಂಟು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಆ ಒಂದು ಪದವೇ ಸಾಕು.

ನಮೂದಿನ ಹರವು ದೊಡ್ಡದು. ಚೆನ್ನಾಗಿ ರೂಪಿಸುವುದು, ತಿದ್ದಿ ಪರಿಪೂರ್ಣಗೊಳಿಸುವುದು ಎಂಬಲ್ಲಿಂದ ಹೊರಟು ಮನಸ್ಸಿನಲ್ಲಿ ಮೂಡುವ ಭಾವನೆ, ನೆನಪಿನ ಶಕ್ತಿ, ಸಿದ್ಧತೆ, ಅಡುಗೆ, ಪವಿತ್ರಗೊಳಿಸುವ ಕರ್ಮ, ಶವಕ್ರಿಯೆಯವರೆಗೆ ಹೋಗುತ್ತದೆ. ಇಂಗ್ಲಿಷ್ ಅನುವಾದದ ಉಪಶೀರ್ಷಿಕೆ ಸತ್ತವನ ಕ್ರಿಯೆ ಎಂಬ ಒಂದೇ ಅರ್ಥಕ್ಕೆ ಕಟ್ಟುಬೀಳುತ್ತದೆ. ಹಾಗೆ ಬಿಟ್ಟುಹೋದ ಅರ್ಥಗಳನ್ನೆಲ್ಲ ಕಿಟ್ಟೆಲ್ ನಮೂದು ಮರಳಿ ತರುತ್ತದೆ. ಅನುವಾದಕರ ಆ ಆಯ್ಕೆ ಬಹಳ ಸರಿಯಾದದ್ದು.

ಈ ಪಟ್ಟಿಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿಕೊಂಡು ಹೋಗುವುದು ಅಡುಗೆಯ ಅರ್ಥವನ್ನು. ಹಾಗೆ ದಾಟಬಾರದು. ಕಾದಂಬರಿ ನಡೆಯುವ ದೂರ್ವಾಸಪುರದ ಅಗ್ರಹಾರದಲ್ಲಿ, ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಬಿದ್ದಿರುವಷ್ಟು ಹೊತ್ತೂ ಯಾರೂ ಊಟ ಮಾಡುವಂತಿಲ್ಲ. ಶವದ ಸಂಸ್ಕಾರ ನಿಂತರೆ ಅನ್ನದ ಸಂಸ್ಕಾರವೂ ನಿಂತಂತೆ. ಹಸಿವು ತಡೆಯಲಾರದೆ ಅಗ್ರಹಾರದ ದಾಸಾಚಾರ್ಯ ಪಾರಿಜಾತಪುರದ ಸ್ಮಾರ್ತರ (ಬೇರೆ ಪಂಗಡದ ಬ್ರಾಹ್ಮಣರ) ಮನೆಗೆ ಹೋಗಿ ಕದ್ದು ತಿನ್ನುತ್ತಾನೆ. ಕೊನೆಯ ಭಾಗದಲ್ಲಿ ಅಗ್ರಹಾರದ ಹಿರಿಯ ವಿದ್ವಾಂಸ, ಹೆಂಡತಿ ಸತ್ತ ಸೂತಕದಲ್ಲಿರುವ ಪ್ರಾಣೇಶಾಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಆಹಾರ ಮತ್ತು ಕರ್ಮ ಎರಡೂ ಒಂದೇ ಪದದೊಳಗೆ ಇವೆ ಎಂದು ಗೊತ್ತಿದ್ದವರಿಗೆ ಈ ಎರಡು ಪ್ರಸಂಗಗಳ ಬಿಗಿ ಬೇರೆಯೇ. ನೆನಪಿನ ಅರ್ಥವೂ ಹಾಗೆಯೇ: ಕಾಡಿನ ಕತ್ತಲಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯ ಸ್ಪರ್ಶವಾದ ಮೇಲೆ ಪ್ರಾಣೇಶಾಚಾರ್ಯರ ಮೈಯಲ್ಲಿ ಉಳಿದದ್ದನ್ನು ಹೇಳಲು ಬೇರೆ ಪದ ಬೇಕಿಲ್ಲ.

ಇಷ್ಟು ಉಪಕಾರ ಮಾಡುವ ನಿಘಂಟು ವಾಕ್ಯದ ಮಟ್ಟಕ್ಕೆ ಇಳಿದಾಗ ಸೋಲುತ್ತದೆ. ಅರ್ಥಗಳನ್ನು ಸಾಲಾಗಿ ಕೊಡುತ್ತದೆ, ಯಾವುದು ಯಾವಾಗ ಎಂದು ಹೇಳುವುದಿಲ್ಲ. ಅದನ್ನು ಓದುಗರೇ ಕ್ರಿಯಾಪದ ನೋಡಿ ತಿಳಿಯಬೇಕು. ‘ಸಂಸ್ಕಾರ ಮಾಡು’, ‘ಸಂಸ್ಕಾರ ಆಗು’ ಎಂದರೆ ಕರ್ಮ: ಉಪನಯನ, ವಿವಾಹ ಸೇರಿ ಹದಿನಾರು ಕರ್ಮಗಳಲ್ಲಿ ಯಾವುದಾದರೂ ಆಗಬಹುದು, ಹೆಣ ಎದುರಿಗಿದ್ದರೆ ಅಂತ್ಯಕ್ರಿಯೆ. ‘ಸಂಸ್ಕಾರ ಇದೆ’, ‘ಸಂಸ್ಕಾರ ಇಲ್ಲದವನು’ ಎಂದರೆ ಬೆಳೆದ ರೀತಿ, ನಡತೆ, ಮನೆತನದ ಹದ. ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ಜಗಳಕ್ಕೆ ನಿಂತಾಗ ಮಾತು ಶವದ ಕ್ರಿಯೆಯದು ಮಾತ್ರ, ಅದರ ಜೊತೆಗೆ ಕ್ರಿಯೆಯ ಖರ್ಚಿಗೆಂದು ಚಂದ್ರಿ ಬಿಚ್ಚಿಟ್ಟ ಚಿನ್ನದ್ದು. ಅಲ್ಲಿಗೆ ತತ್ತ್ವ, ಪರಿಷ್ಕಾರ ಎಲ್ಲವನ್ನೂ ಹೊರಿಸಿದರೆ ದೃಶ್ಯದ ಕಟುತನ ಹೋಗುತ್ತದೆ. ಕಾದಂಬರಿಯ ಹೆಸರಿಗೆ ಮಾತ್ರ ಕ್ರಿಯಾಪದವೇ ಇಲ್ಲ. ಅದಕ್ಕೇ ಅಲ್ಲಿ ಎಲ್ಲ ಅರ್ಥಗಳೂ ಜೀವಂತ, ಅದಕ್ಕೇ ಕಿಟ್ಟೆಲ್ ನಮೂದು ಶೀರ್ಷಿಕೆಗೆ ಒಪ್ಪಿದಷ್ಟು ಒಳಪುಟಗಳಿಗೆ ಒಪ್ಪುವುದಿಲ್ಲ.

ಇನ್ನೊಂದು ಕೊರತೆ, ಅರ್ಥ ಇರುವುದು ಇಂಗ್ಲಿಷಿನಲ್ಲಿ. ‘ಸಂಸ್ಕಾರವಂತ’ ಎನ್ನುವಾಗ ನಮಗೆ ಕೇಳಿಸುವ ಅಪ್ಪ-ಅಮ್ಮ, ಊರು, ಓದು ಎಲ್ಲವೂ ಆ ದಾರಿಯಲ್ಲಿ ಸೋರಿಹೋಗುತ್ತವೆ. ಕನ್ನಡದಲ್ಲೇ ಅರ್ಥ, ಜೊತೆಗೆ ಹಳೆಯ ಪ್ರಯೋಗಗಳು ಬೇಕಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟೇ ಸರಿ. ಬೇಗ ನೋಡಿ ಮುಂದೆ ಹೋಗಲು ವಿ. ಕೃಷ್ಣ ಅವರ ‘ಅಲರ್’ ಆನ್‌ಲೈನ್ ನಿಘಂಟು ಅನುಕೂಲ.

ಯಾವುದನ್ನು ಬಳಸಿದರೂ ಪದವನ್ನು ಮೊದಲು ಬಿಡಿಸಿಕೊಳ್ಳಬೇಕು. ‘ಸಂಸ್ಕಾರವಾಗದೆ’ ಎಂದು ಹುಡುಕಿದರೆ ಸಿಗದು. ವಕಾರಾಗಮ ತೆಗೆದು ‘ಸಂಸ್ಕಾರ’, ‘ಆಗು’ ಎಂದು ಎರಡು ಮಾಡಬೇಕು. ‘ಸಂಸ್ಕಾರಕ್ಕೆ’ ಎಂಬುದರ ಪ್ರತ್ಯಯ ಕಳಚಬೇಕು. ‘ಶವಸಂಸ್ಕಾರ’ದಂಥ ಸಮಾಸ ಸಿಗದಿದ್ದರೆ ಉತ್ತರಪದವನ್ನು (ಕೊನೆಯ ಪದವನ್ನು) ನೋಡಬೇಕು.

ಕಿಟ್ಟೆಲ್ ತೆರೆಯುವವರು ಮೊದಲು ಮುಂಭಾಗದ ಸಂಕ್ಷೇಪಗಳ ಪಟ್ಟಿಯನ್ನು ಓದಬೇಕು. ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿ ಭಾರತದಂಥ ಮೂಲಗಳನ್ನೂ ಸೀಮೆಯ ಬಳಕೆಗಳನ್ನೂ ಕೆಲವೇ ರೋಮನ್ ಅಕ್ಷರಗಳಲ್ಲಿ ಸೂಚಿಸಿರುವುದರಿಂದ, ಪಟ್ಟಿ ಇಲ್ಲದೆ ಅರ್ಧ ನಮೂದು ಒಗಟಾಗುತ್ತದೆ. ಮೂಲ ಮುದ್ರಣ 1,700ಕ್ಕೂ ಹೆಚ್ಚು ಪುಟಗಳ ಒಂದೇ ಗ್ರಂಥ. ಮಡಿಲಲ್ಲಿಟ್ಟು ಓದಲಾಗದು, ಮೇಜು ಬೇಕು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯ ಹೊರತಂದ 4 ಸಂಪುಟಗಳ ಆವೃತ್ತಿ ಸಿಕ್ಕರೆ ಕೈಗೆ ಹಗುರ. ಸ್ಕ್ಯಾನ್ ಪ್ರತಿಯಲ್ಲಿ ಕನ್ನಡ ಅಕ್ಷರಗಳೂ ಚಿಹ್ನೆ ಹೊತ್ತ ರೋಮನ್ ಅಕ್ಷರಗಳೂ ಬೆರೆತಿರುವುದರಿಂದ ಪದ ಹುಡುಕುವ ಸೌಲಭ್ಯವನ್ನು ನಂಬಬಾರದು, ‘ಸ’ ಅಕ್ಷರದ ಭಾಗಕ್ಕೆ ಹೋಗಿ ಪುಟ ತಿರುವಿಯೇ ಹುಡುಕಬೇಕು.